ಮೊದಲ ಕಾವು

ದಾಂಡೇಲಿಯ ಕಾಡಿನಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ತನ್ನನ್ನು ಮುಚ್ಚಿಕೊಂಡು ಕಾವು ಕೂರುತ್ತದೆ. ಗಂಡು ಕಿಂಡಿಯಿಂದ ಹಣ್ಣುಣಿಸುತ್ತದೆ. ನಮ್ಮ ಹಿತ್ತಿಲ ಹೇಂಟೆಗೆ ಆ ಭಾಗ್ಯವಿಲ್ಲ. ಅದು ದಿನಕ್ಕೊಮ್ಮೆ ತಾನೇ ಎದ್ದು ಕಾಳು ತಿಂದು, ನೀರು ಕುಡಿದು, ಧೂಳಿನಲ್ಲಿ ಹೊರಳಿ ಬರಬೇಕು. ಚೊಚ್ಚಲ ಕಾವಿನ ಹುರುಪಿನಲ್ಲಿ ಹಸಿವನ್ನೇ ಮರೆತರೆ ನಾವು ಮೆಲ್ಲನೆ ಎತ್ತಿ ಇಳಿಸಬೇಕು. ಗೂಡು ಬದಲಿಸುವುದಾದರೆ ಇರುಳಿನಲ್ಲಿ, ಮೊದಲ ದಿನಗಳಲ್ಲೇ. 18ನೆಯ ದಿನದಿಂದ ಮೊಟ್ಟೆಗಳನ್ನು ಮುಟ್ಟಲಾಗದು.

21ನೆಯ ದಿನದ ಹೊತ್ತಿಗೆ ಮರಿ ಚಿಪ್ಪಿಗೆ ತೂತಿಟ್ಟು ಗಂಟೆಗಟ್ಟಲೆ ಸುಮ್ಮನಾಗುತ್ತದೆ. ಆಗ ಉಳಿದ ಹಳದಿ ಅದರ ಹೊಟ್ಟೆಯನ್ನು ಸೇರುತ್ತಿರುತ್ತದೆ; ಪೊರೆಯ ನೆತ್ತರು ಮೈಗೆ ಹಿಂದಿರುಗುತ್ತಿರುತ್ತದೆ. ಇದನ್ನರಿಯದೆ ನಾನೊಮ್ಮೆ ಕನಿಕರದಿಂದ ಚಿಪ್ಪು ಬಿಡಿಸಿದೆ. ಪೊರೆ ಹರಿದು ನೆತ್ತರೊಸರಿತು. ಮರಿ ಅಂಗೈಯಲ್ಲೇ ತಣ್ಣಗಾಯಿತು. ಹೇಂಟೆ ಉಳಿದ ಮೊಟ್ಟೆಗಳ ಮೇಲೆ ಕೂತೇ ಇತ್ತು.