ಹಳೇ ಪೇಟೆ, ಹೊಸ ಪೇಟೆ: ಹೊಟೇಲಿಗರು ಮುಂಬಯಿಯಲ್ಲಿ ಎಲ್ಲಿ ಉಣ್ಣಬೇಕು?

ಹೊಟೇಲು ನಡೆಸುವ ನಾವು ಊರಿಗೆಲ್ಲ ಬಡಿಸುತ್ತೇವೆ. ಆದರೆ ಇನ್ನೊಬ್ಬರ ಹೊಟೇಲಿನಲ್ಲಿ ಗಿರಾಕಿಯಾಗಿ ಕುಳಿತು ಉಣ್ಣುವುದು ಅಪರೂಪ. ಬೆಳಿಗ್ಗೆ ಹಾಲು ಬರುವ ಹೊತ್ತಿನಿಂದ ರಾತ್ರಿ ಗಲ್ಲಾ ಎಣಿಸುವ ತನಕ ನಮಗೆ ಪುರುಸೊತ್ತು ಎಲ್ಲಿದೆ? ಆದರೆ ಗಿರಾಕಿ ಏಕೆ ಬರುತ್ತಾನೆ, ಏಕೆ ಬಿಟ್ಟು ಹೋಗುತ್ತಾನೆ ಎಂಬುದು ಗಲ್ಲಾದಲ್ಲಿ ಕುಳಿತರೆ ಪೂರ್ತಿ ಕಾಣುವುದಿಲ್ಲ. ಮೇಜಿನ ಎದುರು ಕುಳಿತರೆ ಕಾಣುತ್ತದೆ.

ಈಗ ನಮ್ಮವರ ಅನೇಕ ಹೊಟೇಲುಗಳ ಮೆನು ಕಾರ್ಡಿನಲ್ಲಿ ಇಡ್ಲಿಯಿಂದ ಹಿಡಿದು ಪಂಜಾಬಿ, ಚೈನೀಸ್, ಪಿಜ್ಜಾ ತನಕ ಎಲ್ಲವೂ ಇದೆ. ಆದರೆ "ನಿಮ್ಮಲ್ಲಿ ವಿಶೇಷ ಏನು?" ಎಂದು ಗಿರಾಕಿ ಕೇಳಿದರೆ ವೇಟರ್ ಆ ಕಾರ್ಡನ್ನೇ ಮುಂದಿಡುತ್ತಾನೆ. ಹೀಗೇ ಮುಂದುವರಿದರೆ ಮಕ್ಕಳ ಕಾಲಕ್ಕೆ ನಮ್ಮ ಬೋರ್ಡಿಗೆ ಏನು ಬೆಲೆ ಉಳಿದೀತು? ಅದಕ್ಕಾಗಿ ತಿಂಗಳಿಗೊಂದು ದಿನ ಹೊರಗೆ ಉಣ್ಣಿ ಎನ್ನುತ್ತೇವೆ. ಮುಂಬಯಿಯ ಸದಸ್ಯರಿಗೂ, ಪುಣೆ, ಚೆನ್ನೈ, ಹೈದರಾಬಾದಿನಿಂದ ಕೆಲಸಕ್ಕೆಂದು ಇಲ್ಲಿಗೆ ಬರುವವರಿಗೂ ಮೂರು ಕಡೆ ಸೂಚಿಸುತ್ತೇವೆ.

ಮಾಟುಂಗಾ

ಮೊದಲು ನಮ್ಮದೇ ಪೇಟೆ. 1896ರ ಪ್ಲೇಗಿನ ನಂತರ ಊರನ್ನು ಉತ್ತರಕ್ಕೆ ಬೆಳೆಸಲು ಇಂಪ್ರೂವ್‌ಮೆಂಟ್ ಟ್ರಸ್ಟ್ ಹೊಸ ಬಡಾವಣೆಗಳನ್ನು ಮಾಡಿತು. ಮಾಟುಂಗಾ ಅವುಗಳಲ್ಲಿ ಒಂದು. ಆಫೀಸು ಕೆಲಸಕ್ಕೆ ಬಂದ ದಕ್ಷಿಣದವರು ಇಲ್ಲಿ ನೆಲೆಸಿದರು. ಅವರಿಗೆ ಮನೆಯಂಥ ಊಟ ಬೇಕಿತ್ತು, ಅದರಿಂದ ನಮ್ಮವರ ಬೋರ್ಡಿಂಗುಗಳು ಬೆಳೆದವು. 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆ ಊಟ ಮಾಡಿ. ಸ್ಟೇಷನ್ನಿನ ಪೂರ್ವಕ್ಕೆ, ಮಾರ್ಕೆಟ್ ಕಟ್ಟಡದ ಮಾಳಿಗೆಯಲ್ಲಿದೆ. 1939ರ ರಾಮ್ ಆಶ್ರಯದಲ್ಲಿ ಶಿರಾ ತಿನ್ನಿ. ಕಿಂಗ್ಸ್ ಸರ್ಕಲ್ ಕಡೆಗೆ ನಡೆದರೆ 1940ರ ಕೆಫೆ ಮದ್ರಾಸ್ ಸಿಗುತ್ತದೆ. ರಾಗಿ ದೋಸೆ, ರಸಂ ವಡೆ ಕೇಳಿ. ಭಾನುವಾರ ಬೆಳಿಗ್ಗೆ ಹೋದರೆ ಫುಟ್‌ಪಾತಿನಲ್ಲಿ ಕಾಯಬೇಕು.

ತಿನ್ನುವಾಗ ಗಮನಿಸಬೇಕಾದ ಸಂಗತಿ ಇದೆ. ದೊಡ್ಡ ಅಲಂಕಾರವಿಲ್ಲ. ಆದರೆ ತಟ್ಟೆ ಬೇಗ ಬರುತ್ತದೆ, ಮೇಜು ಬೇಗ ಖಾಲಿಯಾಗುತ್ತದೆ. ದರ ಕಮ್ಮಿ ಇದ್ದರೂ ಒಂದೇ ಮೇಜಿಗೆ ಬೆಳಿಗ್ಗೆಯಿಂದ ಎಷ್ಟು ಸಲ ಗಿರಾಕಿ ಕುಳಿತರು ಎಂದು ಲೆಕ್ಕ ಹಾಕಿದರೆ ವ್ಯಾಪಾರದ ಗುಟ್ಟು ತಿಳಿಯುತ್ತದೆ.

ಫೋರ್ಟ್, ಕಾಲಾ ಘೋಡಾ

ಇದು ಬ್ರಿಟಿಷರ ಕಾಲದ ಪೇಟೆ. ಓವಲ್ ಮೈದಾನದ ಸುತ್ತಿನ ಹಳೇ ಕಟ್ಟಡಗಳು 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಹತ್ತಿರದ ಬಲ್ಲಾರ್ಡ್ ಎಸ್ಟೇಟಿನಲ್ಲಿ 1923ರ ಬ್ರಿಟಾನಿಯಾ ಎಂಬ ಇರಾನಿ ಹೊಟೇಲಿದೆ. ಅಲ್ಲಿಯ ಬೆರ್ರಿ ಪುಲಾವಿಗೆ ಇರಾನಿನ ಹುಳಿ ಹಣ್ಣು ಬೀಳುತ್ತದೆ. ಮಾಲಕ ಬೊಮನ್ ಕೊಹಿನೂರ್ ಅವರು 2019ರಲ್ಲಿ ತೀರಿಕೊಳ್ಳುವ ತನಕ, 90 ದಾಟಿದ ಮೇಲೂ, ಮೇಜಿನಿಂದ ಮೇಜಿಗೆ ಹೋಗಿ ಆರ್ಡರ್ ಕೇಳುತ್ತಿದ್ದರು. ಒಂದು ಪುಲಾವು, ಒಬ್ಬ ಮಾಲಕರ ಮಾತು, ಇಷ್ಟಕ್ಕೇ ದೂರ ದೂರದವರು ಬರುತ್ತಿದ್ದರು.

ಮೀನು ತಿನ್ನುವವರು ಫೋರ್ಟಿನ ಮಹೇಶ್ ಲಂಚ್ ಹೋಮ್‌ಗೆ ಹೋಗಬೇಕು. ಆಫೀಸಿನವರ ಮಧ್ಯಾಹ್ನದ ಊಟಕ್ಕೆಂದು ಶುರುವಾದ ನಮ್ಮವರ ಹೊಟೇಲು, ಗಸಿ ಮತ್ತು ನೀರ್ ದೋಸೆಯನ್ನು ಹೊರಗಿನವರ ಬಾಯಿಗೂ ರುಚಿಸಿತು. ಕಾಲಾ ಘೋಡಾದ ತ್ರಿಷ್ಣಾದಲ್ಲಿ ಬೆಣ್ಣೆ-ಬೆಳ್ಳುಳ್ಳಿಯ ಏಡಿ ಪ್ರಸಿದ್ಧ. ಊರಿನ ಪದಾರ್ಥಕ್ಕೆ ದೊಡ್ಡ ದರ ಸಿಗುವುದಿಲ್ಲ ಎನ್ನುವವರು ಇಲ್ಲಿಯ ಬಿಲ್ಲು ನೋಡಲಿ.

ಬಾಂದ್ರಾ, ಲೋವರ್ ಪರೇಲ್

ಬಾಂದ್ರಾದ ರನ್ವಾರ್‌ನಂಥ ಹಳೇ ಕ್ರೈಸ್ತ ಹಳ್ಳಿಗಳ ಓಣಿಯಲ್ಲಿ ಈಗ ಕೆಫೆಗಳು ತುಂಬಿವೆ. ಇದೇ ಬಾಂದ್ರಾದಲ್ಲಿ 2024ರಲ್ಲಿ 'ಬೆಣ್ಣೆ' ಎಂಬ ಪುಟ್ಟ ಅಂಗಡಿ ತೆರೆಯಿತು. ಬೆಂಗಳೂರಿನ ಬೆಣ್ಣೆ ದೋಸೆ, ಇಡ್ಲಿ, ವಡೆ, ಫಿಲ್ಟರ್ ಕಾಫಿ, ಹೆಚ್ಚುಕಡಿಮೆ ಇಷ್ಟೇ. ಯುವಕ ಯುವತಿಯರು ಸಾಲಿನಲ್ಲಿ ನಿಂತು ತಿನ್ನುತ್ತಾರೆ. ನಾವು ಪಿಜ್ಜಾ ಸೇರಿಸಿ ಹುಡುಗರನ್ನು ಕರೆಯಲು ನೋಡಿದೆವು. ಅವರು ನಮ್ಮ ದೋಸೆಗೇ ಸಾಲು ನಿಂತರು!

ಲೋವರ್ ಪರೇಲ್ ಗಿರಣಿಗಳ ಊರು. 1982ರ ಮುಷ್ಕರದ ನಂತರ ಒಂದೊಂದೇ ಗಿರಣಿ ಮುಚ್ಚಿ, ಆ ಜಾಗದಲ್ಲಿ ಆಫೀಸು, ಮಾಲು, ರೆಸ್ಟೋರೆಂಟು ಬಂದವು. ಕಮಲಾ ಮಿಲ್ಸಿನಲ್ಲಿ 2015ರಲ್ಲಿ ಆರಂಭವಾದ ಬಾಂಬೆ ಕ್ಯಾಂಟೀನ್ ನಮ್ಮ ದೇಶದ ಮನೆ ಅಡಿಗೆಯನ್ನೇ ಹೊಸ ರೀತಿಯಲ್ಲಿ ಬಡಿಸುತ್ತದೆ. ಇಲ್ಲಿ ದರ ಹೆಚ್ಚು. ಹಳೇ ಪೇಟೆಯಲ್ಲಿ ಪಗಡಿ ಜಾಗ ಸಾಮಾನ್ಯ, ಬಾಡಿಗೆಯ ಹೊರೆ ಕಡಿಮೆ. ಹೊಸ ಪೇಟೆಯಲ್ಲಿ ಕರಾರು ಮುಗಿದಾಗಲೆಲ್ಲ ಬಾಡಿಗೆ ಏರುತ್ತದೆ. ಅವರ ದರ ನೋಡಿ ನಮ್ಮ ದರ ಏರಿಸುವ ಮುನ್ನ ಈ ವ್ಯತ್ಯಾಸ ನೆನಪಿರಲಿ.

ಇದೇ ಕಂಪೌಂಡಿನ ಇನ್ನೊಂದು ಕಟ್ಟಡದ ತಾರಸಿಯಲ್ಲಿ 2017ರ ಡಿಸೆಂಬರ್ 29ರ ನಡುರಾತ್ರಿ ಬೆಂಕಿ ಬಿದ್ದು 14 ಜನ ಸತ್ತರು. ಹೊರಗೆ ಉಣ್ಣಲು ಹೋದಾಗ ಹೊರಬಾಗಿಲು ಎಲ್ಲಿದೆ, ದಾರಿಗೆ ಅಡ್ಡ ಸಾಮಾನು ಇದೆಯೇ ಎಂದು ನೋಡಿ. ಮರುದಿನ ನಮ್ಮ ಹೊಟೇಲಿನಲ್ಲೂ ಅದೇ ಕಣ್ಣಿನಿಂದ ನೋಡಬೇಕು. ಗ್ಯಾಸ್ ಸಿಲಿಂಡರ್ ಇಟ್ಟ ಜಾಗವನ್ನಂತೂ ಮರೆಯಬಾರದು.

ಉಂಡು ಬಂದ ಮೇಲೆ

ಒಬ್ಬರೇ ಹೋಗಬೇಡಿ. ಮಗನನ್ನೋ ಮಗಳನ್ನೋ ಕರೆದೊಯ್ಯಿರಿ. ಸಾಧ್ಯವಾದರೆ ಭಟ್ಟರನ್ನೂ ಕೂರಿಸಿ ಉಣಿಸಿ. ಇಡೀ ಆಯುಸ್ಸು ಒಲೆಯ ಮುಂದೆ ನಿಂತವರಿಗೆ ಇನ್ನೊಬ್ಬರ ಸಾಂಬಾರಿನ ರುಚಿ ನಮಗಿಂತ ಬೇಗ ಗೊತ್ತಾಗುತ್ತದೆ. ಬಂದ ಮೇಲೆ ಮೆನು ಕಾರ್ಡ್ ತೆಗೆದು, ವಾರದಲ್ಲಿ ನಾಲ್ಕು ಪ್ಲೇಟೂ ಹೋಗದ ಐಟಂಗಳಿಗೆ ಗೀಟು ಹಾಕಿ. ಅವುಗಳಿಗಾಗಿ ಫ್ರಿಜ್ಜಿನಲ್ಲಿ ಹಾಳಾಗುವ ಮಾಲು ನಮ್ಮ ಹಣವೇ. ಉಳಿದವುಗಳಲ್ಲಿ ಒಂದನ್ನು ಆರಿಸಿ, ಅದಕ್ಕೆ ಒಳ್ಳೆಯ ಅಕ್ಕಿ, ಒಳ್ಳೆಯ ತುಪ್ಪ, ಒಳ್ಳೆಯ ಕೈ ಕೊಡಿ.

ಮಾಟುಂಗಾ, ಫೋರ್ಟ್, ಬಾಂದ್ರಾ ಮೂರೂ ಕಡೆ ಗಿರಾಕಿ ಒಂದು ಪದಾರ್ಥದ ಹೆಸರು ಹೇಳಿಕೊಂಡೇ ಬರುತ್ತಾನೆ. ನಮ್ಮ ಹೊಟೇಲಿಗೆ ಅವನು ಯಾವ ಹೆಸರು ಹೇಳಿಕೊಂಡು ಬರಬೇಕು ಎಂಬುದನ್ನು ಮನೆಯವರೆಲ್ಲ ಕುಳಿತು ನಿರ್ಧರಿಸಿದರೆ, ಹೊರಗೆ ಉಂಡ ಬಿಲ್ಲಿನ ಹಣ ಖಂಡಿತ ವಸೂಲಾಗುತ್ತದೆ.