ಆಮೆಯ ತೊಟ್ಟಿಯಲ್ಲಿ ಮೀನು

ಹರಿಹರ, ಗುತ್ತೂರಿನ ಕಡೆ ತುಂಗಭದ್ರೆಯಲ್ಲಿ ಆಮೆಯೂ ಮೀನೂ ಒಂದೇ ನೀರಲ್ಲಿ ಬಾಳುತ್ತವೆ. ಅಂದ ಮೇಲೆ ಮನೆಯ ಗಾಜಿನ ತೊಟ್ಟಿಯಲ್ಲಿ ಯಾಕಾಗಬಾರದು? ಅಕ್ವೇರಿಯಂ ಅಂಗಡಿಗೆ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಏಳುವ ಪ್ರಶ್ನೆ ಇದು. ಹೊಳೆಯಲ್ಲೂ ಆಮೆ ಮೀನು ಹಿಡಿದು ತಿನ್ನುತ್ತದೆ. ಆದರೆ ಅಲ್ಲಿ ಮೀನಿಗೆ ತಪ್ಪಿಸಿಕೊಳ್ಳಲು ಜಾಗವಿದೆ, ಆಮೆಯ ಹೊಲಸನ್ನು ಕೊಚ್ಚಿಕೊಂಡು ಹೋಗುವ ಹರಿವಿದೆ. ಎರಡಡಿ ಗಾಜಿನ ಪೆಟ್ಟಿಗೆಯಲ್ಲಿ ಎರಡೂ ಇಲ್ಲ.

ಆಮೆ ಯಾವುದು ಎಂಬುದು ಮೊದಲು ಇತ್ಯರ್ಥವಾಗಬೇಕು. ಹೊಲ, ಕೆರೆ, ಹೊಳೆಯಲ್ಲಿ ಸಿಕ್ಕ ಆಮೆಯನ್ನು ಮನೆಗೆ ತರುವಂತಿಲ್ಲ. ಬೆನ್ನ ಮೇಲೆ ನಕ್ಷತ್ರದ ಗೆರೆಗಳಿರುವ ನಕ್ಷತ್ರ ಆಮೆ, ಹಿಂಗಾಲುಗಳನ್ನು ಚರ್ಮದ ಮಡಿಕೆಯಿಂದ ಮುಚ್ಚಿಕೊಳ್ಳುವ ಕೆರೆಯ ಮೆದುಚಿಪ್ಪಿನ ಆಮೆ, ಇವೆರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿಯ ನಂತರ ಈ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ತಪ್ಪು ಮಾಡಿದವರಿಗೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ಒಲಿಯುತ್ತಾಳೆಂದು ನಂಬಿ ನಕ್ಷತ್ರ ಆಮೆಯನ್ನು ಗುಟ್ಟಾಗಿ ಕೊಳ್ಳುವವರು ಇನ್ನೂ ಇದ್ದಾರೆ. ಅದು ಒಣನೆಲದ ಪ್ರಾಣಿ, ಈಜು ಬಾರದು. ಮೀನಿನ ತೊಟ್ಟಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಹಸಿರು ಮರಿ, ರೆಡ್ ಇಯರ್ಡ್ ಸ್ಲೈಡರ್. ಇದರ ತವರು ಅಮೆರಿಕದ ಮಿಸಿಸಿಪಿ ನದಿಯ ಬಯಲು. ಮರಿಯ ಚಿಪ್ಪು ಮೂರು ಸೆಂಟಿಮೀಟರ್ ಆಸುಪಾಸು ಇರುತ್ತದೆ. ಹೆಣ್ಣು ಬೆಳೆದರೆ 25 ಸೆಂಟಿಮೀಟರ್ ದಾಟಬಹುದು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಎರಡನೇ ಕ್ಲಾಸಿನ ಮಗು ಹಟ ಹಿಡಿದು ತರಿಸಿಕೊಂಡ ಆಮೆಗೆ ಆ ಮಗುವಿನ ಮದುವೆಯ ಹೊತ್ತಿಗೂ ಊಟ ಹಾಕಬೇಕಾದೀತು. ಅಂಗಡಿಯವರು ಈ ಲೆಕ್ಕ ಹೇಳುವುದು ಕಡಿಮೆ.

ಜಾಗದ ಲೆಕ್ಕ ಇನ್ನೂ ಕಠಿಣ. ಎರಡೂವರೆ ಸೆಂಟಿಮೀಟರ್ ಚಿಪ್ಪಿಗೆ ಸುಮಾರು 40 ಲೀಟರ್ ನೀರು ಎಂಬುದು ಆಮೆ ಸಾಕುವವರಲ್ಲಿ ರೂಢಿಯಲ್ಲಿರುವ ಅಂದಾಜು. ಹಾಗಾದರೆ 20 ಸೆಂಟಿಮೀಟರ್ ಆಮೆಗೆ 320 ಲೀಟರ್ ಬೇಕು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೂ ಹಿಡಿಯುವುದು 56 ಲೀಟರ್. ಇದು ಆಮೆಯೊಂದರ ಲೆಕ್ಕ, ಮೀನಿನದು ಇನ್ನೂ ಸೇರಿಲ್ಲ.

ಆಮೆ ಮೀನನ್ನು ತಿಂದುಬಿಡುತ್ತದೆ ಎಂದು ಎಲ್ಲರೂ ಹೆದರುತ್ತಾರೆ, ಅದು ನಿಜವೇ. ಹಗಲಲ್ಲಿ ಕೈಗೆ ಸಿಗದ ಮೀನು ರಾತ್ರಿ ಮೂಲೆಯಲ್ಲಿ ಅಲುಗಾಡದೆ ನಿಂತಾಗ ಸಿಕ್ಕಿಬೀಳುತ್ತದೆ. ಬೆಳಿಗ್ಗೆ ಎಣಿಸಿದರೆ ಒಂದು ಕಡಿಮೆ, ಅಥವಾ ಒಂದರ ಬಾಲವಿಲ್ಲ. ಆದರೆ ಮೀನುಗಳನ್ನು ಒಟ್ಟಿಗೆ ಕೊಲ್ಲುವುದು ಆಮೆಯ ಬಾಯಲ್ಲ, ಆಮೆ ಕೆಡಿಸಿದ ನೀರು. ಆಮೆ ಊಟವನ್ನು ಹರಿದು, ಅರ್ಧ ನುಂಗಿ, ಅರ್ಧ ಚೆಲ್ಲುತ್ತದೆ. ಅದೇ ನೀರಲ್ಲೇ ಮಲ ಮೂತ್ರ ಮಾಡುತ್ತದೆ. ಇವೆಲ್ಲ ಕೊಳೆತು ಅಮೋನಿಯಾ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಮೊದಲೆರಡು ಮೀನಿಗೆ ವಿಷ. ಮೂರನೆಯದು ಅಷ್ಟು ಅಪಾಯವಲ್ಲ, ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು ವಾರಗಟ್ಟಲೆ ಬೇಕು. ತೊಟ್ಟಿ ತಂದ ದಿನವೇ ಆಮೆ, ಮೀನು ಎರಡನ್ನೂ ಬಿಟ್ಟವರ ಮನೆಯಲ್ಲಿ ಮೊದಲ ವಾರದಲ್ಲೇ ಮೀನು ಮೇಲೆ ತೇಲುವುದಕ್ಕೆ ಇದೇ ಕಾರಣ.

ದಾವಣಗೆರೆ ಸೀಮೆಯ ನೀರು, ಬಿಸಿಲು ಎರಡೂ ಇದಕ್ಕೆ ಇಂಬು ಕೊಡುತ್ತವೆ. ನೀರಿನ ಕ್ಷಾರತೆಯೂ ಬಿಸಿಯೂ ಏರಿದಂತೆ ಅಮೋನಿಯಾದ ವಿಷ ತೀವ್ರವಾಗುತ್ತದೆ, ಬೋರ್‌ವೆಲ್ ನೀರು ಬಳಸುವವರು ಇದನ್ನು ಗಮನಿಸಬೇಕು. ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಯಲ್ಲಿ ನಿಂತು ನಲ್ಲಿಗೆ ಬರುವ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿನ ಕಿವಿರು ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನೂ ಸಾಯಿಸುತ್ತದೆ. ಆ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸುವುದು ಲೇಸು. ಇನ್ನು ಬೇಸಿಗೆ: 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ಕರೆಂಟು ಹೋಗಿ ಏರ್ ಪಂಪು ನಿಂತರೆ ಮೀನು ಬಾಯಿ ತೆರೆದುಕೊಂಡು ಮೇಲೆ ಬರುತ್ತದೆ. ಆಮೆಗೆ ಶ್ವಾಸಕೋಶವಿದೆ, ತಲೆ ಮೇಲೆತ್ತಿ ಗಾಳಿ ಎಳೆದುಕೊಂಡು ನಿಶ್ಚಿಂತೆಯಿಂದಿರುತ್ತದೆ. ಆಮೆ ಚೆನ್ನಾಗಿದೆ ಎಂದ ಮಾತ್ರಕ್ಕೆ ನೀರು ಚೆನ್ನಾಗಿದೆ ಎಂದಲ್ಲ.

ಇಷ್ಟಾಗಿಯೂ ಎರಡನ್ನೂ ಸಾಕುತ್ತೇವೆ ಎನ್ನುವವರು ತೊಟ್ಟಿಯನ್ನು ಆಮೆಗೆಂದೇ ಕಟ್ಟಿ, ಮೀನನ್ನು ಆಮೇಲೆ ಸೇರಿಸಬೇಕು. ಫಿಲ್ಟರು ತೊಟ್ಟಿಯ ನೀರಿಗೆ ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡದಿರಲಿ. ಆಮೆ ಪೂರ್ತಿ ನೀರಿನಿಂದ ಹೊರಬಂದು ಮೈ ಒಣಗಿಸಿಕೊಳ್ಳಲು ಒಂದು ಕಟ್ಟೆ, ಅದರ ಮೇಲೆ ಶಾಖದ ಬಲ್ಬು ಮತ್ತು ಅತಿನೇರಳೆ ಕಿರಣದ ಯುವಿಬಿ ದೀಪ ಬೇಕು. ಈ ಕಿರಣವಿಲ್ಲದಿದ್ದರೆ ದೇಹ ಸುಣ್ಣದಂಶ ಹೀರಿಕೊಳ್ಳದೆ ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಬಿಸಿಲು ಬೀಳುತ್ತದಲ್ಲ ಎಂದರೆ ಸಾಲದು, ಗಾಜು ಆ ಕಿರಣವನ್ನು ತಡೆಯುತ್ತದೆ.

ಮೀನಿನ ಆಯ್ಕೆಯಲ್ಲಿ ಎಲ್ಲರ ಕಣ್ಣೂ ಗೋಲ್ಡ್ ಫಿಶ್ ಮೇಲೆ, ಆದರೆ ಅದಕ್ಕಿಂತ ಕೆಟ್ಟ ಜೋಡಿ ಇಲ್ಲ. ಅದು ನಿಧಾನ, ಅದಕ್ಕೆ ತಣ್ಣನೆಯ ನೀರು ಇಷ್ಟ, ತಾನೇ ಸಾಕಷ್ಟು ಹೊಲಸು ಮಾಡುತ್ತದೆ. ಅದರ ಮೈಯಲ್ಲಿರುವ ಥಯಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಒಡೆಯುವುದರಿಂದ, ಆ ಮೀನನ್ನೇ ತಿಂದು ಬೆಳೆದ ಆಮೆಗೂ ಕೇಡು. ಪಾಚಿ ತಿನ್ನಲೆಂದು ಬಿಡುವ ಸಕ್ಕರ್ ಮೀನಿನ ಮುಳ್ಳು ಆಮೆಯ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಉದ್ದ ರೆಕ್ಕೆಯ ಏಂಜೆಲ್, ಫೈಟರ್‌ಗಳು ಎರಡು ದಿನವೂ ಉಳಿಯಲಾರವು. ಚುರುಕಾಗಿ ಓಡಾಡುವ ಜೀಬ್ರಾ ಡೇನಿಯೊ, ಬೇಗ ಮರಿ ಹಾಕುವ ಗಪ್ಪಿ ಸ್ವಲ್ಪ ತಾಳಿಕೊಳ್ಳುತ್ತವೆ. ಕಲ್ಲು, ಗಿಡದ ಮರೆ ದಟ್ಟವಾಗಿದ್ದರೆ ಇನ್ನೂ ಒಳ್ಳೆಯದು. ಅವುಗಳಲ್ಲೂ ಕೆಲವು ಆಮೆಯ ಹೊಟ್ಟೆ ಸೇರುತ್ತವೆ ಎಂದು ಒಪ್ಪಿಕೊಂಡೇ ಬಿಡಬೇಕು. ಮೀನಿಗೆ ಹೆಸರಿಟ್ಟು ಮುದ್ದು ಮಾಡುವ ಮಕ್ಕಳಿರುವ ಮನೆಗೆ ಈ ಏರ್ಪಾಡು ಹೇಳಿಸಿದ್ದಲ್ಲ.

ಆಮೆಗೆ ಬೇರೆ ಟಬ್ಬಿನಲ್ಲಿ ಊಟ ಹಾಕಿ, ತಿಂದಾದ ಮೇಲೆ ತೊಟ್ಟಿಗೆ ಬಿಡುವ ಪದ್ಧತಿಯಿಂದ ನೀರಿನ ಹೊಲಸು ಸಾಕಷ್ಟು ಇಳಿಯುತ್ತದೆ. ಡಬ್ಬಿಯ ಒಣ ಸೀಗಡಿಯನ್ನೇ ನಂಬಬಾರದು, ಎ ಜೀವಸತ್ವದ ಕೊರತೆಯಾದ ಆಮೆಯ ಕಣ್ಣು ಊದಿಕೊಂಡು ಮುಚ್ಚಿಹೋಗುತ್ತದೆ. ದೊಡ್ಡದಾದಂತೆ ಸೊಪ್ಪಿನ ಪಾಲು ಹೆಚ್ಚಬೇಕು. ಆಮೆಯನ್ನೋ ಅದರ ನೀರನ್ನೋ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಬೇಕು, ಆ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯಬಾರದು. ಆಮೆಗಳು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರುತ್ತವೆ. ಮಕ್ಕಳಿಗೆ ಸೋಂಕು ತಗಲುವುದು ಹೆಚ್ಚಿದ್ದರಿಂದಲೇ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟ ನಿಲ್ಲಿಸಿತು.

ತೊಟ್ಟಿ ಸಾಲದಾದಾಗ, ಹೊಳೆಯಲ್ಲಾದರೂ ಸುಖವಾಗಿರಲಿ ಎಂದು ಆಮೆಯನ್ನು ಹರಿಹರದ ದಡಕ್ಕೋ ಊರ ಕೆರೆಗೋ ಒಯ್ದು ಬಿಡುವ ಆಸೆ ಹುಟ್ಟುತ್ತದೆ. ಮಾಡಬಾರದ ಕೆಲಸ ಅದು. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸ್ಲೈಡರ್ ಇದೆ. ಊಟ, ಬಿಸಿಲು ಕಾಯುವ ಬಂಡೆ, ಎಲ್ಲದಕ್ಕೂ ಅದು ಸ್ಥಳೀಯ ಆಮೆಗಳ ಜೊತೆ ಪೈಪೋಟಿ ನಡೆಸುತ್ತದೆ. ಕೃಷ್ಣಾ, ತುಂಗಭದ್ರಾ ಕೊಳ್ಳದ ಲೀತ್ಸ್ ಮೆದುಚಿಪ್ಪಿನ ಆಮೆ ಈಗಲೇ ಅಳಿವಿನ ಅಂಚಿನಲ್ಲಿದೆ. ಅದರ ವ್ಯಾಪಾರ ತಡೆಯಲೆಂದು 2022ರಲ್ಲಿ ಪನಾಮದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಭಾರತದ ಒತ್ತಾಯದ ಮೇಲೆ ಅದನ್ನು ಅತ್ಯುನ್ನತ ರಕ್ಷಣೆಯ ಪಟ್ಟಿಗೆ ಸೇರಿಸಲಾಯಿತು. ಕೇರಳದ ಕಾಲುವೆಗಳಲ್ಲಿ ಸ್ಲೈಡರ್ ಕಾಣಿಸಿಕೊಂಡ ಮೇಲೆ, ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆ ಜನರಿಗೆ ಬೇಡವಾದ ಆಮೆಗಳನ್ನು ತಾನೇ ಪಡೆದುಕೊಳ್ಳತೊಡಗಿತು. ಇಲ್ಲಿ ಬೇಡವೆನಿಸಿದವರು ಸಾಕುವ ಇನ್ನೊಬ್ಬರನ್ನು ಹುಡುಕಬೇಕು, ಇಲ್ಲವೇ ಕೊಂಡ ಅಂಗಡಿಯವರನ್ನು ಕೇಳಬೇಕು. ಹೊಲದಲ್ಲೋ ಕೆರೆಯಲ್ಲೋ ಹಿಡಿದು ತಂದ ನಾಡಿನ ಆಮೆ ಮನೆಯಲ್ಲಿದ್ದರೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ತಿಳಿಸಬೇಕು.