ಹತ್ತೇ ಜನ, ಆದರೂ ಸೋಲಲಿಲ್ಲ
ಗೋಲು ಹೆಚ್ಚಾದಷ್ಟೂ ರೋಮಾಂಚನ ಹೆಚ್ಚು ಅನ್ನುವವರು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಹಾಕಿ ಕ್ವಾರ್ಟರ್ ಫೈನಲ್ ನೋಡಬೇಕು. 17ನೇ ನಿಮಿಷಕ್ಕೇ ಭಾರತದ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಬ್ರಿಟನ್ ವಿರುದ್ಧ ಭಾರತ ಹತ್ತೇ ಜನರೊಂದಿಗೆ ಆಡಿತು. ಭಾರತದ ನಾಯಕ ಹರ್ಮನ್‌ಪ್ರೀತ್ ಗೋಲು ಹೊಡೆದರು, ಬ್ರಿಟನ್ ಸಮ ಮಾಡಿತು. 1-1. ಆಮೇಲಿನ ಎರಡು ಕ್ವಾರ್ಟರ್‌ಗಳಲ್ಲಿ ಗೋಲೇ ಇಲ್ಲ! ಆದರೂ ಕಣ್ಣು ಕೀಳಲಾಗದು, ಏಕೆಂದರೆ ಒಬ್ಬ ಕಡಿಮೆಯಿದ್ದಾಗ ಒಂದೊಂದು ತಡೆಯೂ ಗೋಲಿನಷ್ಟೇ ತೂಗುತ್ತದೆ. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗಲೆಲ್ಲ ಅಭಿಮಾನಿಯ ಎದೆ ಡವಡವ.

ಪಂದ್ಯ ಸಮವಾಗಿಯೇ ಮುಗಿದು ಶೂಟೌಟ್‌ಗೆ ಹೋಯಿತು. ಅದು ಬರೀ ಅದೃಷ್ಟದಾಟವಲ್ಲವೇ ಅಂತ ಕೇಳಬಹುದು. ಖಂಡಿತ ಅಲ್ಲ. 23 ಮೀಟರ್ ಗೆರೆಯಿಂದ ಚೆಂಡು ತರುವವನಿಗೆ ಇರುವುದು ಎಂಟೇ ಸೆಕೆಂಡು, ಗೋಲ್‌ಕೀಪರ್ ಮುನ್ನುಗ್ಗಿ ದಾರಿ ಕಟ್ಟಬಹುದು. ಅಲ್ಲಿ ಪರೀಕ್ಷೆಯಾಗುವುದು ಕೈಚಳಕ, ಧೈರ್ಯ. ಭಾರತದ ಗೋಲ್‌ಕೀಪರ್ ಶ್ರೀಜೇಶ್ ಗೋಡೆಯಂತೆ ನಿಂತರು. ಭಾರತ 4-2ರಿಂದ ಸೆಮಿಫೈನಲ್‌ಗೆ ನಡೆಯಿತು.